ಅಜ್ಜಿಗೆ ಇಲ್ಲೂ ಒಂದು ಎಡೆ

ನವೆಂಬರ್ 2, 2024, ಶನಿವಾರ
ಮೆಕ್ಸಿಕೋ ಸಿಟಿ

ಬೆಳಿಗ್ಗೆ ಎದ್ದಾಗ ಮನೆ ತುಂಬ ಚೆಂಡುಹೂವಿನ ವಾಸನೆ. ಕಣ್ಣು ಬಿಡೋವರೆಗೂ ಮಂಡ್ಯದ ನಮ್ಮೂರಲ್ಲೇ ಇದ್ದೀನಿ ಅನ್ನಿಸಿತ್ತು. ಊರಲ್ಲಿ ಇವತ್ತು ಬಲಿಪಾಡ್ಯಮಿ. ಇಲ್ಲಿ ದೀಯಾ ದೆ ಮುಯೆರ್ತೋಸ್, ಸತ್ತವರ ದಿನ.

ಹೂವು ತಂದಿದ್ದು ಬುಧವಾರ. ಮನೆ ಓನರ್ ಅಮ್ಮ ನನ್ನನ್ನು ಹಮಾಯ್ಕಾ ಹೂವಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದರು. ಎತ್ತ ನೋಡಿದರೂ ಚೆಂಡುಹೂವಿನ ಕಂತೆಗಳು. ಇದಕ್ಕೆ ಇಲ್ಲಿ ಸೆಂಪಾಸೂಚಿಲ್ ಅನ್ನುತ್ತಾರೆ. ಸ್ಪ್ಯಾನಿಷರು ಬರುವ ಮೊದಲಿನಿಂದ ಇಲ್ಲಿರುವ ನಾವಾಟ್ಲ್ ಭಾಷೆಯ ಪದ ಇದು. ‘ಇಪ್ಪತ್ತರ ಹೂವು’ ಅಂತ ಅರ್ಥ. ಅಷ್ಟೊಂದು ಎಸಳು ಅಂತ. ಆಯುಧಪೂಜೆಗೆ ಬಸ್ಸು, ಲಾರಿ, ಟ್ರ್ಯಾಕ್ಟರಿಗೆಲ್ಲ ನಾವು ಕಟ್ಟುತ್ತೇವಲ್ಲ, ಆ ಹೂವಿನ ತವರು ಈ ನೆಲ. ಹಡಗು ಹತ್ತಿ ನಮ್ಮ ಕಡೆ ಬಂದಿದ್ದು ಆಮೇಲೆ. ಕಂತೆ ಹೊತ್ತು ಮೆಟ್ರೋ ಹತ್ತಿದಾಗ ಯಾರೋ ನೆಂಟರನ್ನು ಅವರ ಊರಲ್ಲೇ ಕಂಡ ಹಾಗಾಯಿತು.

ಸ್ಪ್ಯಾನಿಷ್ ಕ್ಲಾಸಲ್ಲಿ ‘ಒಫ್ರೆಂದಾ’ ಅಂದರೆ ಕಾಣಿಕೆ ಅಂತ ಬರೆದುಕೊಂಡಿದ್ದೆ. ಮನೆಯ ಹಾಲ್‌ನಲ್ಲಿ ಅದನ್ನು ಜೋಡಿಸೋದನ್ನು ನೋಡಿದ ಮೇಲೆ ಆ ಸಾಲು ಹೊಡೆದುಹಾಕಿ ‘ಎಡೆ’ ಅಂತ ಬರೆದೆ. ಒಂದು ತಿಂಗಳ ಹಿಂದೆ, ಮಹಾಲಯ ಅಮಾವಾಸ್ಯೆಗೆ, ನಮ್ಮ ಮನೆಯಲ್ಲಿ ಇಟ್ಟಿದ್ದು ಇದನ್ನೇ ಅಲ್ವಾ? ಹಿರಿಯರ ಫೋಟೋ, ಅವರಿಗೆ ಇಷ್ಟವಾದ ಅಡುಗೆ, ದೀಪ, ಧೂಪ. ಇಲ್ಲಿ ಸಾಂಬ್ರಾಣಿ ಬದಲು ಕೊಪಾಲ್, ಅದೂ ಮರದ ಅಂಟೇ. ಜೊತೆಗೆ ಕತ್ತರಿಸಿ ಚಿತ್ತಾರ ಮಾಡಿದ ಬಣ್ಣದ ಕಾಗದ, ಮೇಲೆ ಸಕ್ಕರೆ ಉದುರಿಸಿದ ‘ಪಾನ್ ದೆ ಮುಯೆರ್ತೊ’ ಅನ್ನೋ ಬ್ರೆಡ್ಡು, ಉಪ್ಪು. ಒಂದು ಲೋಟ ನೀರು ಇಡಲೇಬೇಕು. ದೂರದಿಂದ ಬಂದವರಿಗೆ ಬಾಯಾರಿರುತ್ತದೆ. ನಿನ್ನೆ ಮಕ್ಕಳು ಬಂದು ಹೋಗುವ ದಿನ. ಅವರನ್ನು ‘ಪುಟ್ಟ ದೇವತೆಗಳು’ ಅನ್ನುತ್ತಾರೆ. ಇವತ್ತು ದೊಡ್ಡವರ ಸರದಿ.

ಇದನ್ನು ಹ್ಯಾಲೋವೀನ್ ಜೊತೆ ಸೇರಿಸಿ ಮಾತಾಡಿದರೆ ನನಗೆ ಬೇಜಾರಾಗುತ್ತದೆ. ಇಲ್ಲಿ ಯಾರೂ ಯಾರನ್ನೂ ಹೆದರಿಸುತ್ತಿಲ್ಲ. ಸತ್ತವರನ್ನು ‘ಮುಯೆರ್ತೀತೋಸ್’ ಅಂತ ಕರೆಯುತ್ತಾರೆ. ಆ ‘ಈತೊ’ ಮಕ್ಕಳಿಗೆ, ಅಜ್ಜಿಗೆ, ಕಾಫಿಗೆ, ಪ್ರೀತಿ ಇರುವ ಎಲ್ಲದಕ್ಕೂ ಹಚ್ಚುವ ಬಾಲ.

ನಿನ್ನೆ ಸಂಜೆ ಓನರ್ ಅಮ್ಮ ಕೇಳಿದರು, “ಮಿಹಾ (ಮಗಳೇ), ನಿನಗೆ ಯಾರ ನೆನಪು ಕಾಡುತ್ತೆ?” ನನಗೆ ಅಜ್ಜಿ ನೆನಪು ಅಂತ ಹೇಳಬೇಕಿತ್ತು. “ಎಕ್ಸ್‌ತ್ರಾನ್ಯೊ ಮಿ ಅಬ್ವೆಲೀತಾ” ಅಂದೆ. ಅವರು ಮೆಲ್ಲಗೆ ತಿದ್ದಿದರು: “ಎಕ್ಸ್‌ತ್ರಾನ್ಯೊ ‘ಆ’ ಮಿ ಅಬ್ವೆಲೀತಾ.” ಮನೆ ನೋಡಿದೆ ಅನ್ನೋಕೆ ಈ ‘ಆ’ ಬೇಡ. ಒಬ್ಬ ಮನುಷ್ಯನನ್ನು ನೋಡಿದೆ ಅನ್ನೋಕೆ ಬೇಕೇ ಬೇಕು. ತಿಂಗಳುಗಟ್ಟಲೆ ತಪ್ಪುತ್ತಿದ್ದ ಈ ನಿಯಮ ನಿನ್ನೆ ರಾತ್ರಿ ಹಾಸಿಗೆಯಲ್ಲಿ ತಟ್ಟನೆ ಹೊಳೆಯಿತು. ನಮ್ಮಲ್ಲೂ ಹೀಗೇ! ‘ಮನೆ ನೋಡಿದೆ’ ಅಂದರೆ ಸಾಕು. ‘ಅಜ್ಜಿ ನೋಡಿದೆ’ ಅಂದರೆ ತಪ್ಪು, ‘ಅಜ್ಜಿಯನ್ನು ನೋಡಿದೆ’ ಅನ್ನಬೇಕು. ಸ್ಪ್ಯಾನಿಷ್ ಕಲಿಯುವ ಕನ್ನಡದವರು ಇದನ್ನು ಹಿಡಿದುಕೊಳ್ಳಿ, ತುಂಬ ಸಲೀಸು. ಸತ್ತವರಿಗೂ ಆ ‘ಆ’ ಬಿಡುವ ಹಾಗಿಲ್ಲ. ಅಜ್ಜಿ ಹೋಗಿ ಐದು ವರ್ಷ ಆದರೂ ವ್ಯಾಕರಣದಲ್ಲಿ ಮನುಷ್ಯರ ಸಾಲಿನಲ್ಲೇ ಇದ್ದಾಳೆ.

ಇವತ್ತು ಮಧ್ಯಾಹ್ನ ಫೋನಿನಲ್ಲಿದ್ದ ಅವಳ ಫೋಟೋ ಪ್ರಿಂಟ್ ಹಾಕಿಸಿ ತಂದೆ. ಅಮ್ಮ ತಮ್ಮ ಯಜಮಾನರ ಫೋಟೋ ಪಕ್ಕದಲ್ಲೇ ಜಾಗ ಮಾಡಿಕೊಟ್ಟರು. ಎಲೆಅಡಿಕೆ ಸಿಗಲಿಲ್ಲ. ಆದರೆ ಅಮ್ಮ ‘ಕಫೆ ದೆ ಒಯ್ಯಾ’ ಮಾಡಿದರು. ಮಣ್ಣಿನ ಮಡಕೆಯಲ್ಲಿ ಚಕ್ಕೆ ಹಾಕಿ, ಪಿಲೋನ್ಸಿಯೊ ಹಾಕಿ ಕುದಿಸುವ ಕಾಫಿ. ಪಿಲೋನ್ಸಿಯೊ ಅಂದರೆ ನಮ್ಮ ಬೆಲ್ಲವೇ, ಕಬ್ಬಿನ ಹಾಲು ಕಾಯಿಸಿ ಅಚ್ಚಿಗೆ ಹೊಯ್ದಿದ್ದು. ಅಜ್ಜಿ ಕೊನೆಯವರೆಗೂ ಕುಡಿದಿದ್ದು ಬೆಲ್ಲದ ಕಾಫಿ. ಒಂದು ಲೋಟ ಅವಳ ಮುಂದಿಟ್ಟೆ. ತುಂಬ ಹೊತ್ತು ಮಾತಾಡೋಕೆ ಆಗಲಿಲ್ಲ.

ಇಲ್ಲಿ ಬೀದಿಯಿಂದ ಒಳಗಿನವರೆಗೂ ಹೂವಿನ ಎಸಳು ಚೆಲ್ಲಿ ದಾರಿ ತೋರಿಸುತ್ತಾರೆ, ಬಾಗಿಲು ತೆಗೆದೇ ಇಡುತ್ತಾರೆ. ನಮ್ಮ ಮನೆಯಲ್ಲಿ ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತೇವೆ. ಹಿರಿಯರು ಸಂಕೋಚ ಇಲ್ಲದೆ ಊಟ ಮಾಡಲಿ ಅಂತ. ಹಾಗೆ ಮಾಡಬಹುದಾ ಅಂತ ಅಮ್ಮನನ್ನು ಕೇಳಿದೆ. ಅವರು ಏನೂ ಹೇಳದೆ ಶಾಲು ಹೊದ್ದು ಎದ್ದರು.

ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಚಳಿ ಇತ್ತು. ಅವರು ಯಜಮಾನರ ಬಗ್ಗೆ ಹೇಳಿದರು, ನಾನು ಅಜ್ಜಿಯ ಬಗ್ಗೆ ಹೇಳಿದೆ. ಐದು ನಿಮಿಷ ಅಂದುಕೊಂಡಿದ್ದು ಅರ್ಧ ಗಂಟೆ ಆಯಿತು. ಆಮೇಲೆ ಅವರ ಮನೆಯ ಬಾಗಿಲನ್ನು ಅವರೇ ತಟ್ಟಿ, ಸ್ವಲ್ಪ ಕಾದು, ಒಳಗೆ ಹೋದರು.