ಪೋರ್ಟ್ನಾಯ್ ಇಲ್ಲದ ಆಲ್ಬಂಗಳನ್ನು ಬಿಟ್ಟುಬಿಡಬಹುದಾ?

ಅಮೆರಿಕದ ಮೆಟಲ್ ಬ್ಯಾಂಡ್ ಡ್ರೀಮ್ ಥಿಯೇಟರ್ ಮಾತು ಬಂದಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ. ಡ್ರಮ್ಮರ್ ಮೈಕ್ ಪೋರ್ಟ್ನಾಯ್ 2010ರಲ್ಲಿ ಬ್ಯಾಂಡ್ ಬಿಟ್ಟರು, 2023ರಲ್ಲಿ ವಾಪಸ್ ಬಂದರು. ಹಾಗಾದ್ರೆ ನಡುವಿನ ಐದು ಆಲ್ಬಂಗಳನ್ನು ಕೇಳದಿದ್ದರೆ ಏನಾದರೂ ನಷ್ಟವಾ?

ನಷ್ಟವೇ. ಅದೂ ದೊಡ್ಡದು.

ಹೀಗೆ ಕೇಳುವವರದ್ದು ತಪ್ಪಲ್ಲ. 1985ರಲ್ಲಿ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಾ ಈ ಬ್ಯಾಂಡ್ ಕಟ್ಟಿದ ಮೂವರಲ್ಲಿ ಪೋರ್ಟ್ನಾಯ್ ಒಬ್ಬರು. ಇನ್ನಿಬ್ಬರು ಗಿಟಾರಿನ ಜಾನ್ ಪೆಟ್ರೂಚಿ, ಬೇಸ್‌ನ ಜಾನ್ ಮ್ಯೂಂಗ್. ಜನ ಬಾಯ್ತುಂಬ ಹೊಗಳುವ 'ಇಮೇಜಸ್ ಅಂಡ್ ವರ್ಡ್ಸ್' (1992), 'ಸೀನ್ಸ್ ಫ್ರಮ್ ಎ ಮೆಮರಿ' (1999) ಎರಡೂ ಅವರಿದ್ದಾಗ ಬಂದವು. ಕಛೇರಿಯಲ್ಲಿ ಯಾವ ಹಾಡು ನುಡಿಸಬೇಕು ಅಂತ ತೀರ್ಮಾನಿಸುತ್ತಿದ್ದವರೂ ಅವರೇ. ಬ್ಯಾಂಡಿಗೆ ಸ್ವಲ್ಪ ಬಿಡುವು ಕೊಡೋಣ ಅಂದರು, ಉಳಿದವರು ಒಪ್ಪಲಿಲ್ಲ, ಹೊರಟುಬಿಟ್ಟರು.

ಆಮೇಲೆ ಏಳು ಡ್ರಮ್ಮರ್‌ಗಳನ್ನು ಕರೆಸಿ ನುಡಿಸಿ ನೋಡಿ ಮೈಕ್ ಮ್ಯಾಂಜಿನಿಯನ್ನು ಆರಿಸಿದರು. ಅವರು ಅದೇ ಬರ್ಕ್ಲಿಯಲ್ಲಿ ಮೇಷ್ಟ್ರಾಗಿದ್ದರು, ಆ ಕೆಲಸ ಬಿಟ್ಟು ಬಂದರು. 2011ರ 'ಎ ಡ್ರಮ್ಯಾಟಿಕ್ ಟರ್ನ್ ಆಫ್ ಇವೆಂಟ್ಸ್' ಆಲ್ಬಂಗೆ ಡ್ರಮ್ ಭಾಗಗಳನ್ನು ಪೆಟ್ರೂಚಿ ಮೊದಲೇ ಕಂಪ್ಯೂಟರಿನಲ್ಲಿ ಜೋಡಿಸಿಟ್ಟಿದ್ದರು. ಮ್ಯಾಂಜಿನಿ ಅದನ್ನು ಕಲಿತು ನುಡಿಸಿದರು. ಹಾಡು ಕಟ್ಟುವಾಗಲೇ ಅವರು ಜೊತೆಗೆ ಕೂತಿದ್ದು ಬ್ಯಾಂಡಿನ ಹೆಸರನ್ನೇ ಇಟ್ಟ 2013ರ 'ಡ್ರೀಮ್ ಥಿಯೇಟರ್' ಆಲ್ಬಂನಿಂದ. ಇದು ಗೊತ್ತಿದ್ದು ಕೇಳಿದರೆ ಎರಡರ ನಡುವಿನ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಸುಮ್ನೆ ಒಂದೇ ಹಾಡು ಕೇಳಿ ನೋಡ್ತೀನಿ ಅನ್ನುವವರಿಗೆ ನಾನು ಹೇಳೋದು 2011ರ ಆಲ್ಬಂನ 'ಬ್ರೇಕಿಂಗ್ ಆಲ್ ಇಲ್ಯೂಷನ್ಸ್'. ವೇದಿಕೆಯ ಮೇಲೆ ಮಾತೇ ಆಡದ ಮ್ಯೂಂಗ್ ಇದರ ಸಾಹಿತ್ಯಕ್ಕೆ ಕೈ ಹಾಕಿದ್ದಾರೆ. ಹನ್ನೆರಡು ನಿಮಿಷದ ಹಾಡು. ನಡುವಲ್ಲಿ ಗದ್ದಲವೆಲ್ಲ ತಣ್ಣಗಾಗುತ್ತದೆ. ಪೆಟ್ರೂಚಿ ಒಂದೊಂದೇ ಸ್ವರವನ್ನು ಬಿಡಿಬಿಡಿಯಾಗಿ, ಅವಸರವಿಲ್ಲದೆ ಎಳೆಯುತ್ತಾರೆ. ಹಿಂದೆ ಡ್ರಮ್, ಕೀಬೋರ್ಡ್ ನಿಧಾನಕ್ಕೆ ತುಂಬಿಕೊಳ್ಳುತ್ತಾ ಬರುತ್ತವೆ. ಸೋಲೋ ಕಾವೇರಿದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಈ ಬ್ಯಾಂಡಿನದು ಬರೀ ಬೆರಳಿನ ಕಸರತ್ತು ಅನ್ನುವವರು ಇದನ್ನು ಕೇಳಿರಲ್ಲ.

2013ರ ಆಲ್ಬಂನ ಸ್ನೇರ್ (ಚಟ್ ಎನ್ನುವ ಸಣ್ಣ ಡ್ರಮ್) ಸದ್ದು ನನಗೆ ಇವತ್ತಿಗೂ ಹಿಡಿಸಲ್ಲ. ಆದರೆ ಅದು ಮಿಕ್ಸಿಂಗ್‌ನ ತಪ್ಪು, ನುಡಿಸಿದವರದ್ದಲ್ಲ. 'ಡಿಸ್ಟೆನ್ಸ್ ಓವರ್ ಟೈಮ್' (2019) ಹೊತ್ತಿಗೆ ಅದೂ ಸರಿಹೋಯಿತು. ಎಲ್ಲರೂ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನ ಒಂದು ಸ್ಟುಡಿಯೋದಲ್ಲಿ ಒಟ್ಟಿಗೇ ಉಳಿದು ಅದನ್ನು ಬರೆದರು. ಆ ಒಗ್ಗಟ್ಟು ಹಾಡುಗಳಲ್ಲಿ ಕೇಳಿಸುತ್ತದೆ. 2021ರ 'ಎ ವ್ಯೂ ಫ್ರಮ್ ದಿ ಟಾಪ್ ಆಫ್ ದಿ ವರ್ಲ್ಡ್' ಆಲ್ಬಂನಲ್ಲಿ 'ದಿ ಏಲಿಯನ್' ಬಂತು. ಆವರ್ತಕ್ಕೆ ಹದಿನೇಳು ಎಣಿಕೆಯ ತಾಳದಲ್ಲಿ ಶುರುವಾಗುವ ಹಾಡು ಅದು, ಆದರೂ ಎಲ್ಲೂ ಎಡವಿದಂತೆ ಅನಿಸಲ್ಲ. ಮ್ಯಾಂಜಿನಿಯ ಕೈಚಳಕ ಅಂದರೆ ಇದು. ಮರುವರ್ಷ ಬ್ಯಾಂಡಿಗೆ ಮೊದಲ ಗ್ರ್ಯಾಮಿ ತಂದುಕೊಟ್ಟಿದ್ದೂ ಇದೇ ಹಾಡು. ಹಿಂದಿನ ಯಾವ ಆಲ್ಬಂಗೂ ಸಿಗದ ಪ್ರಶಸ್ತಿ, ಅಲ್ವಾ?

ಇನ್ನೊಂದು ಮುಖ್ಯ ವಿಷಯ. 1999ರಿಂದ 2009ರವರೆಗೆ ಪೆಟ್ರೂಚಿ, ಪೋರ್ಟ್ನಾಯ್ ಇಬ್ಬರೂ ಸೇರಿ ಆಲ್ಬಂಗಳನ್ನು ನಿರ್ಮಿಸುತ್ತಿದ್ದರು. 2011ರಿಂದ ಆ ಹೊಣೆ ಪೆಟ್ರೂಚಿ ಒಬ್ಬರದ್ದೇ. ಪೋರ್ಟ್ನಾಯ್ ಮರಳಿದ ಮೇಲೆ 2025ರಲ್ಲಿ ಬಂದ 'ಪ್ಯಾರಾಸೋಮ್ನಿಯಾ'ದಲ್ಲೂ ಅದು ಬದಲಾಗಿಲ್ಲ. ಅಂದರೆ ಪೋರ್ಟ್ನಾಯ್ ಬಂದದ್ದು ತಾವು ಬಿಟ್ಟುಹೋದ ಬ್ಯಾಂಡಿಗಲ್ಲ, ಈ ಐದು ಆಲ್ಬಂಗಳಲ್ಲಿ ಬೆಳೆದ ಬ್ಯಾಂಡಿಗೆ. 2009ರಿಂದ ನೇರವಾಗಿ 2025ಕ್ಕೆ ಹಾರಿದವರಿಗೆ ಹೊಸ ಆಲ್ಬಂನ ಅರ್ಧ ರುಚಿ ಮಾತ್ರ ಸಿಗುತ್ತದೆ.

ಏನಾದರೂ ಬಿಡಲೇಬೇಕು ಅಂದರೆ 2016ರ 'ದಿ ಆಸ್ಟಾನಿಷಿಂಗ್' ಅನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಎರಡು ಗಂಟೆಗೂ ಜಾಸ್ತಿ ಉದ್ದದ ಕಥೆ, ಹಾಡುಗಳೂ ವಿಪರೀತ. ಉಳಿದ ನಾಲ್ಕನ್ನು ಬಂದ ಕ್ರಮದಲ್ಲೇ ಕೇಳಿ.