ದೀಪ ಹಚ್ಚೋ ಹೊತ್ತಿನ ಹೀರೆ ಹೂ

ಹೀರೆ ಹೂ ಬೆಳಿಗ್ಗೆ ಅರಳುವುದಿಲ್ಲ. ಸೌತೆ, ಹಾಗಲ, ಕುಂಬಳ ಎಲ್ಲ ಬೆಳಗಿನ ಹೂಗಳು. ಹೀರೆ ಮಾತ್ರ ಇಡೀ ದಿನ ಮೊಗ್ಗಾಗಿಯೇ ಇದ್ದು, ಸಂಜೆ ಐದೂವರೆ ಆರರ ಹೊತ್ತಿಗೆ ಹಳದಿ ದಳ ಬಿಚ್ಚುತ್ತದೆ. ರಾತ್ರಿಯೆಲ್ಲ ಅರಳಿದ್ದು, ಮಾರನೆ ದಿನ ಬಿಸಿಲೇರುವಷ್ಟರಲ್ಲಿ ಬಾಡಿಹೋಗುತ್ತದೆ. "ದೀಪ ಹಚ್ಚೋ ಹೊತ್ತಿಗೆ ಕಣಮ್ಮ ಹೀರೆ ಹೂ ಅರಳೋದು" ಅಂತ ನಮ್ಮತ್ತೆ ಹೇಳುತ್ತಾರೆ. ಹಾಸನದ ಕಡೆಯ ಹಳ್ಳಿಯಲ್ಲಿ ಬೆಳೆದವರು, ಅವರಿಗಿದು ಹೊಸದಲ್ಲ. ಆದರೆ ಬೆಂಗಳೂರಿನ ಮನೆಯಲ್ಲಿ ಸಂಜೆ ಆರು ಗಂಟೆ ಅಂದರೆ ಯಾರೂ ಕೈಗೆ ಸಿಗದ ಹೊತ್ತು. ಮಗಳು ಟ್ಯೂಷನ್‌ನಲ್ಲಿ, ಇವರು ಟ್ರಾಫಿಕ್‌ನಲ್ಲಿ, ನಾನು ಬ್ಯಾಂಕ್ ಬಿಟ್ಟು ಬಸ್ಸಿನಲ್ಲಿ. ಮನೆಯಲ್ಲಿರುವುದು ಅತ್ತೆ ಮತ್ತು ಎರಡನೇ ಕ್ಲಾಸಿನ ಮಗ.

2024ರ ಬೇಸಿಗೆ ನೆನಪಿದೆಯಲ್ವಾ? ಬೋರ್‌ವೆಲ್‌ಗಳೆಲ್ಲ ಬತ್ತಿ, ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿತ್ತು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ. ನಮ್ಮ ತಾರಸಿಯ ಗ್ರೋ ಬ್ಯಾಗ್‌ಗಳು ಒಂದೊಂದಾಗಿ ಖಾಲಿಯಾದವು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಹಾಕಿ ಕರಿಬೇವು, ದೊಡ್ಡಪತ್ರೆ, ಒಂದು ನಿಂಬೆ ಗಿಡವನ್ನು ಹೇಗೋ ಉಳಿಸಿಕೊಂಡೆವು. ಫಿಲ್ಟರ್‌ನಿಂದ ಹೊರಬೀಳುವ ನೀರು ಬಕೆಟ್‌ಗಟ್ಟಲೆ ಇತ್ತು. ಅದರಲ್ಲಿ ಉಪ್ಪಿನಂಶ ಜಾಸ್ತಿ, ನೆಲ ಒರೆಸೋಕೆ ಮಾತ್ರ ಸರಿ.

ಮೇ ತಿಂಗಳಲ್ಲಿ ಮಳೆ ಬಂದಿದ್ದೇ ತಡ, ಇವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಹೀರೆ ಬೀಜ ತಂದರು. ಅರ್ಕಾ ಸುಮೀತ್ ಅಂತ ತಳಿ. ಎರಡು ಪೇಂಟ್ ಡಬ್ಬಗಳಿಗೆ ಕೆಮ್ಮಣ್ಣು, ಸಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿ ಬೀಜ ಊರಿದರು. ನೀರಿನ ಟ್ಯಾಂಕಿನ ಕಂಬದಿಂದ ಬಟ್ಟೆ ಒಣಹಾಕುವ ಕಂಬಿಯವರೆಗೆ ನೈಲಾನ್ ಬಲೆಯ ಚಪ್ಪರವಾಯಿತು. ಜೂನ್ 2ರ ಭಾನುವಾರ ಆ ಚಪ್ಪರ ಪೂರ್ತಿ ಮಲಗಿತು. ಅವತ್ತು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ. ಜೂನ್‌ನಲ್ಲಿ ಒಂದೇ ದಿನ ಅಷ್ಟು ಸುರಿದಿದ್ದು 133 ವರ್ಷಗಳಲ್ಲಿ ಅದೇ ಮೊದಲು ಅಂತ ಪೇಪರಿನಲ್ಲಿ ಬಂತು. ನೀರಿಲ್ಲ ಅಂತ ಅತ್ತ ಊರಿಗೆ ಮೂರು ತಿಂಗಳೊಳಗೆ ನೀರು ಹೋಗಲು ಜಾಗವಿಲ್ಲದ ಹಾಗಾಯಿತು. ಬಳ್ಳಿಗಳು ಇನ್ನೂ ಗೇಣುದ್ದ ಇದ್ದವು, ಉಳಿದುಕೊಂಡವು. ಅಪ್ಪ ಮಗ ಸೇರಿ ಬಲೆಯನ್ನು ಮತ್ತೆ ಎಳೆದು ಕಟ್ಟಿದರು.

ಜುಲೈನಲ್ಲಿ ಹೂವೋ ಹೂವು. ಮೊದಲು ಬಂದಿದ್ದೆಲ್ಲ ಗಂಡು ಹೂ, ಗೊಂಚಲು ಗೊಂಚಲಾಗಿ. ಹೀರೆ ಬಳ್ಳಿಯ ರೀತಿಯೇ ಹಾಗೆ. ಆಮೇಲೆ ಹೆಣ್ಣು ಹೂ ಕಾಣಿಸಿತು. ಅದನ್ನು ಗುರುತಿಸುವುದು ಸುಲಭ, ಹೂವಿನ ಹಿಂದೆಯೇ ಬೆರಳುದ್ದದ ಪುಟಾಣಿ ಹೀರೆಕಾಯಿ ಇರುತ್ತದೆ, ಅದಕ್ಕೆ ಏಣುಗಳೂ ಇರುತ್ತವೆ. ಮಗ ದಿನಾ ಹೋಗಿ ಎಣಿಸಿ ಬರುತ್ತಿದ್ದ. ಆದರೆ ಆ ಹೀಚು ಒಂದೂ ನಿಲ್ಲಲಿಲ್ಲ. ಎರಡು ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು. ಇವರಿಗೆ ಗೊಬ್ಬರದ ಮೇಲೆ ಅನುಮಾನ. ಅತ್ತೆಗೆ ಎದುರು ಮನೆಯವರ ಕಣ್ಣಿನ ಮೇಲೆ ಅನುಮಾನ. ಒಂದು ಒಣಮೆಣಸಿನಕಾಯಿ, ನಿಂಬೆಹಣ್ಣು ದಾರದಲ್ಲಿ ಪೋಣಿಸಿ ಚಪ್ಪರಕ್ಕೂ ಕಟ್ಟಿದರು.

ಪಕ್ಕದ ತಾರಸಿಯಲ್ಲಿ ಸೋರೆ ಬೆಳೆಯುವ ನಿವೃತ್ತ ಮೇಷ್ಟ್ರೊಬ್ಬರು ಇದ್ದಾರೆ. ಪ್ಯಾರಾಪೆಟ್ ಗೋಡೆಗೆ ಒರಗಿ ನಮ್ಮ ಚರ್ಚೆಯನ್ನೆಲ್ಲ ಕೇಳಿಸಿಕೊಂಡು ಅವರು ಹೇಳಿದರು: "ಹೂ ಅರಳೋ ಹೊತ್ತಲ್ಲಿ ನಿಮ್ಮಲ್ಲಿ ಹುಳಹುಪ್ಪಟೆ ಏನಾದ್ರೂ ಬರುತ್ತಾ ನೋಡಿದ್ದೀರಾಮ್ಮ? ಜೇನ್ನೊಣ ಕತ್ತಲಾದ್ಮೇಲೆ ಬರಲ್ಲ. ರಾತ್ರಿ ಹಾರೋ ಪತಂಗ ಬರಬೇಕು. ಇಷ್ಟು ಮೇಲೆ, ಇಷ್ಟು ಲೈಟಲ್ಲಿ ಎಲ್ಲಿ ಬರುತ್ತೆ? ಕೈಯಲ್ಲೇ ಮುಟ್ಟಿಸಿ."

ಅತ್ತೆಗೆ ನಗು. "ನಮ್ಮೂರಲ್ಲಿ ಬೇಲಿ ಮೇಲೆ ಹಬ್ಬಿ ತಾನಾಗೇ ಬಿಡೋದು. ಇಲ್ಲಿ ಹೀರೆಗೂ ನಾವೇ ಮದುವೆ ಮಾಡಿಸಬೇಕಾ? ಏನ್ ಕಾಲ ಬಂತಪ್ಪ!"

ಆ ವಾರ ನಾಲ್ಕನೇ ಶನಿವಾರ, ನನಗೆ ಬ್ಯಾಂಕ್ ರಜೆ. ಇವರಿಗೂ ರಜೆ. ಮಗಳು ಟ್ಯೂಷನ್‌ಗೆ ತಲೆನೋವು ಅಂತ ಹೇಳಿ ಉಳಿದುಕೊಂಡಳು. ಅದು ಎಂಥ ತಲೆನೋವು ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ. ಐದೂವರೆಗೆಲ್ಲ ಕಾಫಿ ಫ್ಲಾಸ್ಕ್ ಹಿಡಿದು ಮೇಲೆ ಹೋದೆವು. ಮೊಗ್ಗು ಬಿರಿಯುವುದನ್ನು ಕಣ್ಣಿಂದ ನೋಡಬಹುದು ಅಂತ ಮಗ ಕಣ್ಣು ಮಿಟುಕಿಸದೆ ಕೂತ. ಹಾಗೆ ಕಾಣಿಸುವುದೇನಿಲ್ಲ. ಮಾತಾಡುತ್ತಾ ಆಚೆ ತಿರುಗಿ ಈಚೆ ನೋಡುವಷ್ಟರಲ್ಲಿ ಒಂದು ದಳ ಬಿಟ್ಟುಕೊಂಡಿರುತ್ತದೆ. ಆರೂಕಾಲಿಗೆ ಚಪ್ಪರದ ತುಂಬಾ ಹಳದಿ.

ಕೆಲಸ ಸಣ್ಣದು, ಆದರೆ ನಾಜೂಕು. ಅವತ್ತೇ ಅರಳಿದ ಗಂಡು ಹೂ ಕೀಳಬೇಕು. ಅದರ ದಳಗಳನ್ನು ಹಿಂದಕ್ಕೆ ಮಡಚಬೇಕು, ಇಲ್ಲವೇ ಕಿತ್ತುಬಿಡಬೇಕು. ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟಂಟು ಜಾಗಕ್ಕೆ ಮೆಲ್ಲಗೆ ಸವರಬೇಕು. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂವಿಗೆ ಸಾಕು. ಇವರು ಮೊದಲ ಹೂವನ್ನೇ ಎಷ್ಟು ಜೋರಾಗಿ ಒತ್ತಿದರೆಂದರೆ ಹೀಚು ತೊಟ್ಟಿನ ಸಮೇತ ಕೈಗೆ ಬಂತು. ಮಗಳು ಮೇಕಪ್ ಬ್ರಷ್ ತಂದಳು. ಪುಡಿಯೆಲ್ಲ ಬ್ರಷ್‌ಗೇ ಅಂಟಿಕೊಂಡಿತು.

"ಸರೀರಿ ಆಚೆ" ಅಂತ ಅತ್ತೆ ಮುಂದೆ ಬಂದರು. ದಿನಾ ಮಲ್ಲಿಗೆ ಕಟ್ಟುವ ಕೈ ಅವರದು. ಎರಡೇ ಬೆರಳಿನಲ್ಲಿ ದಳ ಸುಲಿದು, ಹೆಣ್ಣು ಹೂವಿನ ಕತ್ತಿಗೆ ಇನ್ನೊಂದು ಬೆರಳು ಕೊಟ್ಟು, ಹೀಗೆ ಮುಟ್ಟಿಸಿ ಹಾಗೆ ಬಿಟ್ಟರು. ಮಗಳು ಫೋನ್ ಟಾರ್ಚ್ ಹಿಡಿದಳು. ಆದ ಹೂವಿನ ತೊಟ್ಟಿಗೆಲ್ಲ ಗುರುತಿಗೆ ಅಂತ ನಾನು ಕೆಂಪು ದಾರ ಸಡಿಲವಾಗಿ ಕಟ್ಟುತ್ತಾ ಬಂದೆ. ಚಪ್ಪರದ ಆ ತುದಿಯ ಹೂವು ಯಾರ ಕೈಗೂ ಎಟುಕಲಿಲ್ಲ. ಇವರು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡರು, ಅತ್ತೆ ಕೆಳಗಿನಿಂದ ಹೇಳಿಕೊಟ್ಟರು. "ಒತ್ತಬೇಡ ಪುಟ್ಟ, ಸುಮ್ನೆ ಮುಟ್ಟಿಸು." ಅಷ್ಟರಲ್ಲಿ ಜಿಟಿಜಿಟಿ ಮಳೆ ಶುರು. ಪುಡಿ ತೊಳೆದುಹೋದರೆ ಪಟ್ಟ ಪಾಡೆಲ್ಲ ದಂಡ. ಮಗಳ ಹುಟ್ಟುಹಬ್ಬಕ್ಕೆ ತಂದು ಉಳಿದಿದ್ದ ಪೇಪರ್ ಲೋಟಗಳನ್ನು ತಂದು ಒಂದೊಂದು ಹೂವಿನ ಮೇಲೂ ಮಗುಚಿ ದಾರ ಕಟ್ಟಿದೆವು. ಅವುಗಳ ಮೇಲೆ 'ಹ್ಯಾಪಿ ಬರ್ತ್‌ಡೇ' ಅಂತ ಬರೆದಿತ್ತು. ಮೇಷ್ಟ್ರು ಛತ್ರಿ ಹಿಡಿದು ಬಂದು ನೋಡಿ, ಏನೂ ಹೇಳದೆ ಒಳಗೆ ಹೋದರು.

ದಾರ ಕಟ್ಟಿದವುಗಳಲ್ಲಿ ಮುಕ್ಕಾಲು ಪಾಲು ನಿಂತವು. ಮೂರನೇ ದಿನಕ್ಕೆ ಗೊತ್ತಾಗುತ್ತದೆ. ಕಾಯಿ ಕಟ್ಟಿದ ಹೀಚು ಹಸಿರಾಗೇ ಇದ್ದು ಕೆಳಕ್ಕೆ ಬಾಗುತ್ತದೆ, ದಿನದಿಂದ ದಿನಕ್ಕೆ ಉದ್ದವಾಗುತ್ತದೆ. ಒಂದೆರಡಕ್ಕೆ ಹಣ್ಣು ನೊಣ ಮೊಟ್ಟೆಯಿಟ್ಟು, ಕಾಯಿ ಸೊಟ್ಟಗಾಗಿ ಕೊಳೆಯಿತು. ಉಳಿದವಕ್ಕೆ ಪೇಪರ್ ಚೀಲ ಹಾಕಿದೆವು. ವಾರದೊಳಗೆ ಕೊಯ್ದುಬಿಡಬೇಕು, ಜಾಸ್ತಿ ದಿನ ಬಿಟ್ಟರೆ ಒಳಗೆ ನಾರಾಗುತ್ತದೆ. ಮೊದಲ ಕೊಯ್ಲಿನ ದಿನ ತೊವ್ವೆ, ಬಜ್ಜಿ, ಏಣು ಹೆರೆದ ಸಿಪ್ಪೆಗೆ ಉದ್ದಿನಬೇಳೆ, ಹುಣಸೆ, ಒಣಮೆಣಸಿನಕಾಯಿ ಹುರಿದು ಹಾಕಿ ಚಟ್ನಿ. ಮೇಷ್ಟ್ರ ಮನೆಗೂ ಒಂದು ಕಾಯಿ ಹೋಯಿತು.

ಮನೆಯಲ್ಲಿ ಬೆಳೆದ ತರಕಾರಿಯನ್ನು ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮಗ ತಿನ್ನಲಿಲ್ಲ. ಬಜ್ಜಿಯ ಮೇಲಿನ ಹಿಟ್ಟು ತಿಂದು, ಒಳಗಿನ ಹೀರೆಕಾಯಿಯನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದ. ದುಡ್ಡಿನ ಲೆಕ್ಕ ತೆಗೆದರೂ ಅಷ್ಟೇ. ಮಣ್ಣು, ಬಲೆ, ಗೊಬ್ಬರ ಎಲ್ಲ ಸೇರಿಸಿದರೆ ಹಾಪ್‌ಕಾಮ್ಸ್‌ನಲ್ಲಿ ಕೆಜಿಗಟ್ಟಲೆ ತರಬಹುದಿತ್ತು. ಉಳಿತಾಯಕ್ಕೆ ಅಂತ ತಾರಸಿ ತೋಟ ಮಾಡಬೇಡಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ.

ಆದರೆ ಹೂವಿನ ಹೊತ್ತಿಗೆ ಮನೆಯ ಹೊತ್ತು ಹೊಂದಿಕೊಂಡಿತು. ಮಗಳು ಟ್ಯೂಷನ್ನನ್ನು ಏಳರ ಬ್ಯಾಚಿಗೆ ಬದಲಾಯಿಸಿಕೊಂಡಳು, ಓದಲು ಅನುಕೂಲ ಅಂತ ಕಾರಣ ಕೊಟ್ಟಳು. ನಾನು ತಡವಾದ ದಿನ ಮಗ ಫೋನ್ ಮಾಡಿ ಇವತ್ತು ಎಷ್ಟು ಹೆಣ್ಣು ಹೂ ಅಂತ ವರದಿ ಕೊಡುತ್ತಾನೆ. ಅತ್ತೆಯ ಸಂಜೆಯ ಧಾರಾವಾಹಿ ರಾತ್ರಿಯ ಮರುಪ್ರಸಾರಕ್ಕೆ ಹೋಯಿತು.

ಈಗ ಇವರು ತುಪ್ಪದ ಹೀರೆ ಬೀಜ ತಂದಿದ್ದಾರೆ. ಅದು ನುಣುಪು ಕಾಯಿ, ಏಣಿಲ್ಲ. ಅದರ ಹೂ ಅರಳುವುದು ಬೆಳಗಿನ ಜಾವ, ನಾಲ್ಕು ಗಂಟೆಯಿಂದ ಶುರು. ಬೀಜ ಊರುತ್ತಿದ್ದಾಗ ಯಾರು ಏಳುತ್ತಾರೆ ಅಂತ ನಾನು ಕೇಳಿದೆ. "ನಾನೇ ಏಳ್ತೀನಿ" ಅಂದರು ಇವರು.

ಅತ್ತೆ ತಮ್ಮ ಮಗನನ್ನೇ ಒಂದು ಗಳಿಗೆ ನೋಡಿದರು. "ಆ ಸಣ್ಣ ಡಬ್ಬಕ್ಕೆ ಹಾಕಪ್ಪ, ದೊಡ್ಡದರಲ್ಲಿ ನಾನು ಬಸಳೆ ಊರ್ತೀನಿ" ಅಂದರು.