ಗುಂಟೂರಿನ ಕುರ್ಚಿ, ಪಿರಿಯಾಪಟ್ಟಣದ ಬೇಲು

ನಮ್ಮಪ್ಪ ಹೊಗೆಸೊಪ್ಪಿನ ಬೇಲನ್ನು, ಅಂದರೆ ಒಣಗಿದ ಎಲೆಯ ದೊಡ್ಡ ಕಟ್ಟನ್ನು, ಹರಾಜು ಕಟ್ಟೆಗೆ ಇಳಿಸಿದ ದಿನ ಊಟವನ್ನೇ ಮಾಡುತ್ತಿರಲಿಲ್ಲ. ಖರೀದಿದಾರ ಒಂದು ಎಲೆ ಎಳೆದು, ಬೆರಳಲ್ಲಿ ತಿಕ್ಕಿ, ಮೂಸಿ ನೋಡುತ್ತಿದ್ದ. ಅಪ್ಪ ಅವನ ಮುಖವನ್ನೇ ನೋಡುತ್ತಾ ನಿಂತಿರುತ್ತಿದ್ದರು.

ಈ ಹರಾಜು ನಡೆಸುವುದು ತಂಬಾಕು ಮಂಡಳಿ. 1975ರ ಕಾಯ್ದೆಯಿಂದ ಹುಟ್ಟಿ, 1976ರ ಜನವರಿ 1ರಂದು ಕೆಲಸ ಶುರು ಮಾಡಿತು. ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗೆ ಬರುತ್ತದೆ, ಮುಖ್ಯ ಕಚೇರಿ ಗುಂಟೂರಿನಲ್ಲಿ. ನಮ್ಮ ರಾಜ್ಯದಲ್ಲಿ ಹರಾಜು ಬಂದದ್ದು 1984ರಲ್ಲಿ, ಆಂಧ್ರಕ್ಕಿಂತ ಒಂದು ವರ್ಷ ಮೊದಲೇ! ಅದು ನನಗೆ ಇವತ್ತಿಗೂ ಹೆಮ್ಮೆ.

ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರ್ಕಾರ. ಆ ಕುರ್ಚಿಯಲ್ಲಿ ಐಎಎಸ್ ಅಧಿಕಾರಿಗಳೂ ಕೂತಿದ್ದಾರೆ, ರಾಜಕೀಯದಿಂದ ಬಂದವರೂ ಕೂತಿದ್ದಾರೆ. 2019ರಲ್ಲಿ ಬಂದ ಯಡ್ಲಪಾಟಿ ರಘುನಾಥ ಬಾಬು ಆಂಧ್ರದ ಬಿಜೆಪಿ ನಾಯಕರು. ಅವರ ನಂತರದ ಯಶವಂತ್ ಕುಮಾರ್ ಕೂಡ ಆಂಧ್ರದವರೇ. ದಿನದ ಆಡಳಿತ ನೋಡಿಕೊಳ್ಳಲು ಕಾರ್ಯನಿರ್ವಾಹಕ ನಿರ್ದೇಶಕರು ಬೇರೆ ಇರುತ್ತಾರೆ.

ಹೆಸರು ಯಾರದಾದರೂ ಇರಲಿ, ಅಪ್ಪ ಕೇಳುತ್ತಿದ್ದ ಪ್ರಶ್ನೆ ಒಂದೇ. "ಈ ಸಲ ಎಷ್ಟು ಕೆಜಿಗೆ ಪರ್ಮಿಷನ್ನು?" ಪ್ರತಿ ವರ್ಷ ಎಷ್ಟು ಬೆಳೆಯಬೇಕು ಅಂತ ಮಂಡಳಿಯೇ ಗೊತ್ತುಮಾಡುತ್ತದೆ. ಎಲೆಯನ್ನು ಬಿಸಿಯಲ್ಲಿ ಹದ ಮಾಡುವ ಮನೆಗೆ, ಅಂದರೆ ಬ್ಯಾರನ್ನಿಗೆ, ಲೈಸೆನ್ಸ್ ಕೊಡುವುದೂ ಅದೇ. ಅಷ್ಟು ಅಧಿಕಾರ ಇರುವ ಕುರ್ಚಿಗೆ ಒಮ್ಮೆಯಾದರೂ ರಾತ್ರಿಯಿಡೀ ಬ್ಯಾರನ್ನಿಗೆ ಸೌದೆ ಒಟ್ಟಿದ ರೈತ ಬರಬೇಕು ಅಂತ ನನಗೆ ತುಂಬಾ ಆಸೆ. ಪಿರಿಯಾಪಟ್ಟಣ, ಹುಣಸೂರಿನ ಕಡೆಯವರಾದರೆ ಇನ್ನೂ ಜಾಸ್ತಿ ಖುಷಿ.